ಎಂಐಡಿಸಿ ರಸ್ತೆಯಲ್ಲಿ ಬಿದ್ದ ಮೂಗು

ಸ್ಕೂಟರಿನಿಂದ ಬಿದ್ದವರನ್ನು ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಹೆಲ್ಮೆಟ್ ಹಾಕಿದ್ದಿರಾ ಎಂದು. ಹಾಕಿದ್ದೆ. ಎರಡನೆಯ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ಆದ್ದರಿಂದ ಬಹಳ ದಿನ ನನ್ನ ಮರ್ಯಾದೆ ಉಳಿಯಿತು. ಹೆಲ್ಮೆಟ್ಟಿನ ಪಟ್ಟಿಯನ್ನು ನಾನು ಸಿಕ್ಕಿಸಿರಲಿಲ್ಲ. ಗಲ್ಲದ ಕೆಳಗೆ ಬೆವರಿ ತುರಿಸುತ್ತದೆ ಎಂಬುದು ನನ್ನ ವಾದ. ಐವತ್ತೊಂದು ವರ್ಷದ ಹೆಂಗಸಿಗೆ ಬುದ್ಧಿ ಹೇಳುವವರು ಯಾರು? ಮನೆಯಲ್ಲಿರುವವರು ಇಬ್ಬರು, ಇಬ್ಬರೂ ನನ್ನ ಬಾಯಿಗೆ ಹೆದರುವವರು.

ಆ ಇಬ್ಬರಲ್ಲಿ ಒಬ್ಬರು ನನ್ನ ಗಂಡ. ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಎಂಐಡಿಸಿ ಎಂಬ ಕಾರ್ಖಾನೆಗಳ ಪ್ರದೇಶವಿದೆ, ಅಲ್ಲಿನ ಒಂದು ಕೆಮಿಕಲ್ ಕಂಪನಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಕೆಲಸ. ಇನ್ನೊಬ್ಬಳು ಮಗಳು, ದಿನಾ ನವಿ ಮುಂಬಯಿಯ ಆಫೀಸಿಗೆ ಹೋಗಿಬರುತ್ತಾಳೆ. ಇಲ್ಲೇ ಹುಟ್ಟಿದವಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ನಾನು ಮತ್ತು ಗಂಡ ಗುಟ್ಟು ಮಾತಾಡುವುದು ತುಳುವಿನಲ್ಲಿ, ಜಗಳವಾಡುವುದು ಕನ್ನಡದಲ್ಲಿ. ಕಾರ್ಖಾನೆಗಳಿಗೆ ಅಂಟಿಕೊಂಡಂತೆ ಇರುವ ವಸತಿ ಭಾಗದಲ್ಲಿ ನಮ್ಮದು ಮೂರನೇ ಮಾಳಿಗೆಯ ಮನೆ.

ನನ್ನ ಕೆಲಸ ಸಾರಿನ ಹುಡಿ ಮಾಡುವುದು. ಡೊಂಬಿವಲಿ, ಕಲ್ಯಾಣ, ಠಾಣೆಯ ಕನ್ನಡದವರ ಮನೆಗಳಿಗೆ ನನ್ನ ಹುಡಿಯೇ ಆಗಬೇಕು. ಹೆಚ್ಚಿನವರು ನಮ್ಮ ಉಡುಪಿ ಕಡೆಯವರು, ಕೆಲವರು ಧಾರವಾಡದ ಕಡೆಯವರು. ಹುಡಿಯನ್ನು ಮನೆಮನೆಗೆ ಮುಟ್ಟಿಸಲಿಕ್ಕೆಂದೇ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಸ್ಕೂಟರ್ ಕಲಿತೆ. ಡೊಂಬಿವಲಿ, ಕಲ್ಯಾಣಕ್ಕೆ ಸ್ಕೂಟರು, ಠಾಣೆಗೆ ಲೋಕಲ್.

ಹುಡಿಯ ಗುಟ್ಟನ್ನು ನನಗೆ ಹೇಳಿಕೊಟ್ಟದ್ದು ಅಪ್ಪ. ಮದುವೆ ಮುಂಜಿಗಳಿಗೆ ಅಡಿಗೆ ಮಾಡುತ್ತಿದ್ದವರು. ನಮ್ಮಲ್ಲಿ ದೇವರಿಗೆ ನೈವೇದ್ಯ ಆಗುವ ಮೊದಲು ಅಡಿಗೆಯ ರುಚಿ ನೋಡುವ ಹಾಗಿಲ್ಲ, ನೋಡಿದರೆ ಎಂಜಲು. ಸಾವಿರ ಜನರ ಸಾರಿಗೂ ಅಪ್ಪ ನಾಲಗೆ ಮುಟ್ಟಿಸಿದವರಲ್ಲ. ಕೊಪ್ಪರಿಗೆಯ ಮೇಲೆ ಬಗ್ಗಿ ಒಮ್ಮೆ ಉಸಿರೆಳೆದುಕೊಂಡು, "ಉಪ್ಪು ಇನ್ನೊಂದು ಹಿಡಿ" ಎನ್ನುತ್ತಿದ್ದರು. ಉಪ್ಪಿಗೆ ವಾಸನೆ ಇದೆಯೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. "ಮೂಗು ಇದ್ದವರಿಗೆ ಉಂಟು" ಎಂದಿದ್ದರು. ನನ್ನ ಹುಡಿಯೂ ಎಷ್ಟೋ ಮನೆಗಳಲ್ಲಿ ಹಬ್ಬದ ದಿನ ದೇವರ ಮುಂದೆ ಹೋಗುವಂಥದ್ದು, ಹಾಗಾಗಿ ಇಷ್ಟು ವರ್ಷದಲ್ಲಿ ಒಂದು ಚಿಟಿಕೆಯನ್ನೂ ನಾನು ನೆಕ್ಕಿ ನೋಡಿಲ್ಲ. ಕೊತ್ತಂಬರಿ ಎಷ್ಟು ಹುರಿದರೆ ಸಾಕು, ಮೆಂತೆ ಯಾವಾಗ ಇಳಿಸಬೇಕು, ಎಲ್ಲವೂ ಮೂಗಿನದೇ ತೀರ್ಮಾನ.

ಸಂಜೆ ಗಂಡ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ನಮ್ಮ ಮನೆಯಲ್ಲಿ ಒಂದು ಕ್ರಮವಿತ್ತು. ಅವರು, "ಆಹಾ, ಏನು ಪರಿಮಳ ಮಾರಾಯ್ತಿ!" ಎನ್ನುವುದು. ನಾನು ಒಳಗಿನಿಂದಲೇ, "ಥೂ, ಕಂಪನಿ ನಾರ್ತದೆ, ಮೊದಲು ಸ್ನಾನಕ್ಕೆ ಹೋಗಿ!" ಎನ್ನುವುದು. ಅವರ ಅಂಗಿಗೆ ಹತ್ತಿಕೊಂಡು ಬರುತ್ತಿದ್ದ ಆ ವಾಸನೆ ಹುಳಿಯೂ ಅಲ್ಲ, ಕೊಳೆತದ್ದೂ ಅಲ್ಲ. ಎಂಐಡಿಸಿಯಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ, ಇಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ಅವರು ಮರುಮಾತಿಲ್ಲದೆ ಬಚ್ಚಲಿಗೆ ಹೋಗುತ್ತಿದ್ದರು. ಇಪ್ಪತ್ತನಾಲ್ಕು ವರ್ಷ ಇದೇ ನಡೆದಿತ್ತು.

ಬಿದ್ದದ್ದು ಜೂನಿನ ಮೊದಲ ಮಳೆಯ ಬೆಳಿಗ್ಗೆ. ರಸ್ತೆಯ ಮೇಲೆ ವರ್ಷವಿಡೀ ಇಳಿದ ಎಣ್ಣೆ ಮೊದಲ ಮಳೆಗೆ ಮೇಲೆದ್ದು ಬರುತ್ತದೆ ಎಂದು ಗಂಡ ಪ್ರತಿ ಸಲ ಎಚ್ಚರಿಸುತ್ತಾರೆ, ಪ್ರತಿ ಸಲ ನಾನು ಹೂಂ ಎನ್ನುತ್ತೇನೆ. ಮುಂದಿದ್ದ ರಿಕ್ಷಾ ಒಮ್ಮೆಲೇ ತಿರುಗಿತು. ಬ್ರೇಕ್ ಒತ್ತಿದೆ. ಆಮೇಲೆ ನೋಡಿದರೆ ಆಕಾಶ ಕಾಣುತ್ತಿತ್ತು, ಹೆಲ್ಮೆಟ್ಟು ನನ್ನನ್ನು ಬಿಟ್ಟು ಗಟಾರದ ಹತ್ತಿರ ಹೋಗಿ ಕೂತಿತ್ತು. ಚೀಲದಲ್ಲಿದ್ದ ಹುಡಿಯ ಪೊಟ್ಟಣಗಳು ಒಡೆದು ಒದ್ದೆ ರಸ್ತೆ ಕೆಂಪಾಗಿತ್ತು. ದೂರದಿಂದ ನೋಡಿದವರು ರಕ್ತವೆಂದು ಓಡಿಬಂದರಂತೆ. ನನ್ನನ್ನು ಎತ್ತಿ ಕೂರಿಸುವಾಗ ಆ ರಿಕ್ಷಾದವನೇ, "ಕಾಯ್ ಮಸ್ತ್ ವಾಸ್ ಯೇತೋಯ್!" ಎಂದ. ಏನು ಚೆಂದ ಪರಿಮಳ ಬರ್ತಿದೆ ಎಂದು ಹೊಗಳುತ್ತಿದ್ದಾನೆ, ನನ್ನನ್ನು ಬೀಳಿಸಿದವನು. ಬೈಯಬೇಕೆಂದು ಬಾಯಿ ತೆರೆದೆ, ಬಲ ಭುಜದಿಂದ ಎದ್ದ ನೋವಿಗೆ ಬೈಗುಳ ಮರೆತುಹೋಯಿತು. ಅವನು ಹೇಳಿದ ಪರಿಮಳ ನನಗೆ ಬರಲಿಲ್ಲ. ಬಿದ್ದ ಗಾಬರಿಗೆ ಇರಬೇಕು ಎಂದುಕೊಂಡೆ.

ಬಲಗಡೆಯ ಕಾಲರ್ ಬೋನ್ ಮುರಿದಿತ್ತು. ತಲೆಯ ಹಿಂದೆ ಕೋಳಿಮೊಟ್ಟೆಯಷ್ಟು ಬಾವು. ಸ್ಕ್ಯಾನ್ ನೋಡಿದ ಡಾಕ್ಟರು ತಲೆಗೇನೂ ಆಗಿಲ್ಲ ಎಂದರು. ಕೈಯನ್ನು ಕುತ್ತಿಗೆಗೆ ಜೋತುಹಾಕಿ ಆರು ವಾರ ಅಲ್ಲಾಡಿಸಬೇಡಿ ಎಂದರು. ಆಸ್ಪತ್ರೆಯ ಊಟ ನೀರು ನೀರು. "ಒಂದು ಸಾರು ಮಾಡಲಿಕ್ಕೆ ಬರುವುದಿಲ್ಲವಾ ಇವರಿಗೆ?" ಎಂದು ಮೂರು ದಿನವೂ ಹಾರಾಡಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗಾಯಿತು ನನ್ನದು. ಮನೆಗೆ ಬಂದರೆ ಮನೆಯ ಕಾಫಿಯೂ ಬಿಸಿನೀರು. ಗಂಡ ಬೆಳಿಗ್ಗೆ ಐದಕ್ಕೆ ಎದ್ದು ಗಂಜಿ ಬೇಯಿಸಿ, ಚಟ್ನಿ ಅರೆದು, ಮಾವಿನ ಮಿಡಿ ಒಂದನ್ನು ತಟ್ಟೆಯ ಅಂಚಿಗೆ ಇಟ್ಟು ಕಂಪನಿಗೆ ಹೋಗುತ್ತಿದ್ದರು. ಮಿಡಿ ಹುಳಿ, ಖಾರ, ಉಪ್ಪು ಅಷ್ಟೇ. ಅದರಾಚೆಗಿನ ಮಿಡಿ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ನಿಜ ಗೊತ್ತಾದದ್ದು ಒಂದು ಭಾನುವಾರ. ಒಲೆಯ ಮೇಲೆ ಹಾಲಿಟ್ಟು ಪಕ್ಕದ ಸ್ಟೂಲಿನಲ್ಲೇ ಕೂತು ಫೋನು ನೋಡುತ್ತಿದ್ದೆ. ಮಗಳು ಒಳಕೋಣೆಯಿಂದ ಓಡಿ ಬಂದು, "ಅಮ್ಮಾ, ಕಾಯ್ ಜಳ್ತಯ್?", ಏನು ಸುಡ್ತಿದೆ ಎಂದು ಕೇಳುತ್ತಲೇ ಗ್ಯಾಸ್ ಆರಿಸಿದಳು. ಹಾಲು ಬತ್ತಿ ತಳ ಕರ್ರಗಾಗಿತ್ತು. ಎರಡು ಬಾಗಿಲಿನಾಚೆ ಇದ್ದವಳಿಗೆ ಬಂದ ವಾಸನೆ, ಮಾರುದೂರದಲ್ಲಿದ್ದ ನನಗೆ ಬಂದಿರಲಿಲ್ಲ. ಫೋನಿನ ಮೇಲೆ ತಪ್ಪು ಹೊರಿಸಿದೆ. ಅವಳು ಆ ಕಡೆ ಹೋದಮೇಲೆ ಇಂಗಿನ ಡಬ್ಬಿ ತೆರೆದು ಮೂಗಿಗೆ ಹಿಡಿದೆ. ಇಂಗು! ಮುಚ್ಚಿಟ್ಟರೂ ಮೂರು ಮನೆಗೆ ಹಬ್ಬುವ ಇಂಗು. ಏನೂ ಇಲ್ಲ. ಡಬ್ಬಿಯ ಮುಚ್ಚಳ ಹಾಕಲಿಕ್ಕೂ ಒಂದೇ ಕೈ ಸಾಲಲಿಲ್ಲ.

ಭುಜ ತೋರಿಸುವ ನೆಪದಲ್ಲಿ ಒಬ್ಬಳೇ ಹೋಗಿ ಮೂಗಿನ ಡಾಕ್ಟರನ್ನು ಕಂಡೆ. ಏಟು ತಲೆಯ ಹಿಂದೆ ಬಿದ್ದರೂ ಮೆದುಳು ಮುಂದಕ್ಕೆ ಜಗ್ಗುತ್ತದೆ, ಮೂಗಿನಿಂದ ಮೇಲೆ ಹೋಗುವ ಎಳೆಯಂಥ ನರಗಳು ಆಗ ತುಂಡಾಗುತ್ತವೆ ಎಂದು ಅವರು ವಿವರಿಸಿದರು. "ಆ ಭೀ ಸಕತಾ ಹೈ, ನಹೀ ಭೀ." ವಾಪಸು ಬರಲೂಬಹುದು, ಬಾರದಿರಲೂಬಹುದು. ಬೆಳಿಗ್ಗೆ ಸಂಜೆ ಲವಂಗ, ಲಿಂಬೆ, ಕಾಫಿ, ನೀಲಗಿರಿ ಎಣ್ಣೆಯನ್ನು ಒಂದೊಂದಾಗಿ ಮೂಸಿ, ಹಳೆಯ ವಾಸನೆಯನ್ನು ನೆನಪಿಸಿಕೊಳ್ಳಬೇಕಂತೆ. ನಾನು ಲವಂಗವನ್ನು ಸೆರಗಿಗೆ ಕಟ್ಟಿಕೊಂಡು ದೇವರ ಮಂಟಪದ ಮುಂದೆ ಕೂತು ಮೂಸುತ್ತಿದ್ದೆ. ನೋಡಿದವರಿಗೆ ಭಕ್ತಿ ಜಾಸ್ತಿಯಾದಂತೆ ಕಾಣುತ್ತಿತ್ತು.

ಗಂಡನಿಗೆ ಏಕೆ ಹೇಳಲಿಲ್ಲ? ಸ್ಕೂಟರಿನ ಕೀಲಿಯನ್ನು ಅವರು ಆಗಲೇ ಎಲ್ಲೋ ಅಡಗಿಸಿಟ್ಟಿದ್ದರು. ಮೂಗೂ ಹೋಯಿತೆಂದರೆ, "ಸಾಕು ಬಿಡು, ಹುಡಿ ಗಿಡಿ ಎಲ್ಲ ಎಂತಕ್ಕೆ ಇನ್ನು?" ಎಂದಾರು. ಒಳ್ಳೆಯ ಮನಸ್ಸಿನಿಂದಲೇ ಎಂದಾರು, ಅದೇ ನನ್ನ ಹೆದರಿಕೆ. ಈ ಊರಿಗೆ ಬಂದಾಗ ನನ್ನನ್ನು ಇಂಥವರ ಹೆಂಡತಿ ಎಂದು ಗುರುತಿಸುತ್ತಿದ್ದರು. ಈಗ ಅವರನ್ನು ಸಾರಿನ ಹುಡಿಯವರ ಗಂಡ ಎನ್ನುತ್ತಾರೆ. ಅದು ಕೈಬಿಟ್ಟರೆ ಬೆಳಗಾದರೆ ಏಳುವುದು ಯಾತಕ್ಕೆ ಎಂದೇ ನನಗೆ ಅನ್ನಿಸುತ್ತಿತ್ತು.

ಆಗಸ್ಟ್ ಬಂತು. ಕೈಯ ಜೋಳಿಗೆ ಬಿಚ್ಚಿದ್ದರು, ಆದರೆ ಭುಜಕ್ಕೆ ಬಲವಿರಲಿಲ್ಲ. ಚೌತಿ ಹತ್ತಿರವಾದಂತೆ ವಾಟ್ಸಾಪಿನಲ್ಲಿ ಒಬ್ಬೊಬ್ಬರೇ ಕೇಳತೊಡಗಿದರು: ಹೇಗಿದ್ದೀರಿ, ಆರಾಮ ತಗೊಳ್ಳಿ, ಹುಡಿ ಯಾವಾಗ? ನಾನು ಒಂದು ಉಪಾಯ ಹೂಡಿದೆ. ಗಂಡನಿಗೆ ರಜೆಯಿದ್ದ ದಿನ, "ನನ್ನ ಕೈಯಲ್ಲಿ ಆಗುವುದಿಲ್ಲ, ಇವತ್ತು ನೀವು ಹುರಿಯಿರಿ. ಪರಿಮಳ ಬಂದ ಕೂಡಲೇ ಹೇಳಿ, ನನಗೆ ಸ್ವಲ್ಪ ಶೀತ" ಎಂದೆ.

ಅವರು ನನ್ನ ಮುಖವನ್ನೊಮ್ಮೆ ನೋಡಿದರು. "ನನಗೆ ಎಂತ ಗೊತ್ತುಂಟು?" ಎಂದರು.

"ದಿನಾ ಬಾಗಿಲಲ್ಲೇ ಆಹಾ ಅಂತೀರಿ, ಆಗ ಗೊತ್ತಾಗ್ತದೆ, ಈಗ ಗೊತ್ತಾಗುವುದಿಲ್ಲವಾ?"

ಅವರು ಅಂಗಿ ಕಳಚಿಟ್ಟರು. ಬನಿಯನ್ನಿನಲ್ಲಿ, ಸಟ್ಟುಗ ಹಿಡಿದು, ಪೂಜೆಗೆ ನಿಂತವರಂತೆ ಒಲೆಯ ಮುಂದೆ ನಿಂತರು. ಹೊರಗೆ ಜಡಿಮಳೆ, ಕಿಟಕಿಯ ತಗಡಿನ ಮೇಲೆ ಬಡಿಯುವ ಸದ್ದಿಗೆ ಮಾತು ಕೇಳಿಸದು. ತೆಂಗಿನೆಣ್ಣೆಯಲ್ಲಿ ಕೊತ್ತಂಬರಿ ಬಿತ್ತು. ನಾನು ಅವರ ಮುಖ ನೋಡುತ್ತಾ ಕೂತೆ, ಅವರು ಬಾಣಲೆ ನೋಡುತ್ತಾ ನಿಂತರು. ತುಂಬಾ ಹೊತ್ತಾಯಿತೆಂದು ನನಗೇ ಅನುಮಾನವಾದಾಗ, "ಬಂತು, ಬಂತು" ಎಂದರು. ಮೆಂತೆಗೂ ಹಾಗೆಯೇ. ಮೆಣಸು ಒಂದು ಸರಿಯಾಯಿತು, ಏಕೆಂದರೆ ಅದರ ಘಾಟಿಗೆ ಇಬ್ಬರೂ ಕೆಮ್ಮಿದೆವು. ಘಾಟು ಗಂಟಲಿಗೆ ತಾಗುವಂಥದ್ದು, ಅದಕ್ಕೆ ಮೂಗು ಬೇಡ.

ಸಂಜೆ ಮಗಳು ಬಂದವಳೇ ಹುಬ್ಬು ಗಂಟಿಕ್ಕಿ, "ಕಸ್ಲಾ ವಾಸ್ ಯೇತೋಯ್?" ಎಂದಳು. ಎಂಥದೋ ವಾಸನೆ ಬರುತ್ತಿದೆಯಲ್ಲ ಎಂದು.

"ಎಂಐಡಿಸಿ" ಎಂದೆವು ನಾವಿಬ್ಬರೂ ಒಂದೇ ಉಸಿರಿಗೆ.

ಡೊಂಬಿವಲಿಯಲ್ಲಿ ಆ ಪ್ರಶ್ನೆಗೆ ಆ ಉತ್ತರ ಎಂದೂ ತಪ್ಪುವುದಿಲ್ಲ. ಅವಳು ಹೋಗಿ ಕಿಟಕಿ ಮುಚ್ಚಿದಳು. ಮರುದಿನ ಹುಡಿ ಹದಿನೈದು ಮನೆಗೆ ಹೋಯಿತು. ಹತ್ತಿರದ ಮನೆಗಳಿಗೆ ಗಂಡ ಕಂಪನಿಗೆ ಹೋಗಿಬರುವಾಗ ಕೊಟ್ಟರು, ಕಲ್ಯಾಣಕ್ಕೆ ಮಗಳು ಒಯ್ದಳು.

ನಾಲ್ಕು ದಿನ ಯಾರ ಸುದ್ದಿಯೂ ಇಲ್ಲ. ಯಾವಾಗಲೂ, "ಅಕ್ಕ, ಫಸ್ಟ್ ಕ್ಲಾಸ್!" ಎನ್ನುತ್ತಿದ್ದವರು ಆಮೇಲೆ ಬರೀ ಕೈಮುಗಿಯುವ ಚಿತ್ರ ಕಳಿಸಿದರು. ಒಬ್ಬರು, "ಹುಡಿ ಸಿಕ್ಕಿತು, ನೀವು ಮೊದಲು ಆರೋಗ್ಯ ನೋಡ್ಕೊಳ್ಳಿ" ಎಂದು ಬರೆದರು. ನಮ್ಮ ಕಡೆಯವರ ನಾಜೂಕು ನನಗೆ ತಿಳಿಯದ್ದಲ್ಲ. ಆದರೂ ನಾನು ಅದನ್ನು ಪ್ರೀತಿ ಎಂದೇ ಓದಿಕೊಂಡೆ.

ಠಾಣೆಯ ವರ್ತಕ ನಗರದ ಅಕ್ಕನಿಗೆ ಕೊಡಲಿಕ್ಕೆ ನಾನೇ ಹೋದೆ, ಅಪಘಾತದ ನಂತರದ ಮೊದಲ ಪ್ರಯಾಣ. ಮಧ್ಯಾಹ್ನದ ಖಾಲಿ ಲೋಕಲ್, ಆಮೇಲೆ ರಿಕ್ಷಾ. ಧಾರವಾಡದ ಕಡೆಯವರು, ಎಪ್ಪತ್ತು ದಾಟಿದವರು. ನನ್ನ ಭುಜ ಸವರಿ, ಕೂರಿಸಿ, ಚಹಾ ಮಾಡಿಕೊಟ್ಟು, ನನ್ನ ಪೊಟ್ಟಣ ಬಿಚ್ಚಿದರು. ಮೂಗಿನ ಹತ್ತಿರ ಹಿಡಿದವರು ತಟ್ಟನೆ ಕೆಳಗಿಟ್ಟರು.

"ಯವ್ವಾ ತಂಗಿ, ಏನ ಮಾಡೀದಿ ಇದು? ಹೊತ್ತಿಸಿಬಿಟ್ಟೀಯಲ್ಲ! ಮೆಂತೆ ಕರ್ರಗ ಇದ್ದಲಿ ಆಗೇತಿ ನೋಡು."

ನಾನು ಪೊಟ್ಟಣವನ್ನು ನನ್ನ ಕಡೆಗೆ ಎಳೆದುಕೊಂಡೆ.

"ಬ್ಯಾರೆ ಮಂದಿಗೂ ಇದನ್ನ ಕೊಟ್ಟೀಯೇನು? ಯಾರೂ ಏನೂ ಅನಲಿಲ್ಲ?"

"ಇಲ್ಲ ಅಕ್ಕ. ಚೆನ್ನಾಗಿದೆ ಅಂದ್ರು."

"ನಿಮ್ಮ ಮಂದಿ ಭಾಳ ನಾಜೂಕ ಬಿಡು. ಕಹಿ ತಿಂದು ಸುಮ್ಮನ ಕುಂತಾರ." ನನ್ನ ಮುಖ ನೋಡಿ ಅವರ ದನಿ ಇಳಿಯಿತು. "ಅಳಬ್ಯಾಡ. ನಾ ಹೇಳದಿದ್ರ ಇನ್ಯಾರು ಹೇಳ್ಬೇಕು ನಿನಗ?"

ನಾಚಿಕೆಗೆ ಲೋಕಲ್ಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಹದಿನೈದು ಮನೆಯವರು ಸೀದ ಸಾರು ಉಂಡು ನನ್ನ ಮೇಲಿನ ಕನಿಕರಕ್ಕೆ ಬಾಯಿ ಮುಚ್ಚಿಕೊಂಡಿದ್ದರು. ಚೌತಿಗೆ ಎಂಟೇ ದಿನ ಉಳಿದಿತ್ತು. ದಿವಾ ಸ್ಟೇಷನ್ ಬರುವಷ್ಟರಲ್ಲಿ ಅಳು ಸಿಟ್ಟಾಯಿತು. ತಪ್ಪು ನನ್ನದಲ್ಲ, ಎರಡು ಮೂಗುಹೊಳ್ಳೆ ಗಟ್ಟಿಯಿದ್ದೂ ಸೀಯಲು ಬಿಟ್ಟವರದು!

ಗಂಡ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೆ ಶುರುಮಾಡಿದೆ. "ನಿಮ್ಮನ್ನು ನಂಬಿದ್ದಕ್ಕೆ ನನ್ನ ಮರ್ಯಾದೆ ಹೋಯ್ತು. ಎಲ್ಲ ಸೀದು ಹೋಗಿದೆಯಂತೆ! ಒಲೆಯ ಮುಂದೆ ನಿಂತು ಮೂಗು ಎಲ್ಲಿ ಇಟ್ಟಿದ್ರಿ?"

ಅವರು ಚೀಲ ಕೆಳಗಿಡಲಿಲ್ಲ. "ನಿನ್ನ ಮೂಗು ಎಲ್ಲಿತ್ತು?" ಎಂದು ಮೆಲ್ಲಗೆ ಕೇಳಿದರು.

ನನ್ನ ಕೈ ಸೆರಗಿನ ಲವಂಗದ ಗಂಟಿಗೆ ಹೋಯಿತು.

"ನೀನು ಬಿದ್ದು ಎರಡು ತಿಂಗಳಾಯ್ತು. ಒಂದು ದಿನ ಕೂಡ ನನ್ನನ್ನು ಸ್ನಾನಕ್ಕೆ ಹೋಗಿ ಅನ್ನಲಿಲ್ಲ. ಮೊದಲು, ನೋವಿನಲ್ಲಿ ಮರೆತಿದ್ದಾಳೆ ಅಂದುಕೊಂಡೆ. ಆಮೇಲೆ ಲವಂಗ ಮೂಸುವುದು ನೋಡಿದೆ."

"ಹಾಗಾದ್ರೆ ಗೊತ್ತಿದ್ದೂ ಹುಡಿ ಸೀಯಲಿಕ್ಕೆ ಬಿಟ್ರಾ?" ನನ್ನ ದನಿ ಮತ್ತೆ ಏರಿತು.

"ಬಿಡಲಿಲ್ಲ ಮಾರಾಯ್ತಿ. ನನಗೂ ವಾಸನೆ ಬರುವುದಿಲ್ಲ."

"ಯಾವಾಗಿನಿಂದ?"

"ಹತ್ತು ವರ್ಷ ಆಗಿರಬಹುದು. ಸ್ವಲ್ಪ ಸ್ವಲ್ಪವೇ ಹೋಯಿತು. ಕಂಪನಿಯದೋ, ಆಗ ತಿಂಗಳುಗಟ್ಟಲೆ ಬಿಡದ ಒಂದು ಶೀತದ್ದೋ, ದೇವರಿಗೇ ಗೊತ್ತು."

ನಾನು ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತೆ. ಹತ್ತು ವರ್ಷ. ದಿನಾ ಬಾಗಿಲಲ್ಲಿ, "ಆಹಾ, ಏನು ಪರಿಮಳ." ಬಸಳೆಗೆ ಬಸಳೆ ಎಂದೇ, ಪತ್ರೊಡೆಗೆ ಪತ್ರೊಡೆ ಎಂದೇ ಹೇಳಿದ ಮನುಷ್ಯ. ಹೇಗೆ ಎಂದು ಕೇಳಿದೆ. ಮೆಟ್ಟಿಲು ಹತ್ತುವಾಗಲೇ ಕಿವಿಗೊಡುತ್ತಿದ್ದರಂತೆ. ಕುಕ್ಕರು ಎಷ್ಟು ಕೂಗಿತು, ಒಗ್ಗರಣೆ ಬೆಳ್ಳುಳ್ಳಿಯದೋ ಸಾಸಿವೆಯದೋ, ಕಾಯಿ ತುರಿಯುತ್ತಿದ್ದೇನೋ ಇಲ್ಲವೋ. ಬೆಳಿಗ್ಗೆ ನಾನು ತಂದ ಸೊಪ್ಪಿನ ನೆನಪು ಬೇರೆ. ಆಗ ನನಗೆ ಒಂದು ಹಳೆಯ ಸಂಗತಿ ಹೊಳೆಯಿತು. ನೆಂಟರ ಮಗುವೊಂದು ಬಂದಿದ್ದಾಗ ಕುಕ್ಕರಿನಲ್ಲಿ ಹಾಲಿನ ಬಾಟಲಿ ಕುದಿಸಲು ಇಟ್ಟಿದ್ದೆ, ಇವರು ಬಾಗಿಲಲ್ಲಿ, "ಆಹಾ, ಏನು ಪರಿಮಳ!" ಎಂದಿದ್ದರು. ತಮಾಷೆ ಎಂದುಕೊಂಡು ನೆಂಟರೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದರು, ಇವರೂ ಸೇರಿ.

"ಹೇಳಬಹುದಿತ್ತಲ್ಲ ಒಂದು ಮಾತು" ಎಂದೆ.

"ಹೇಳಿದ್ರೆ ನೀನು ಯಾರಿಗೆ ಅಂತ ಮಾಡ್ತಿದ್ದೆ?" ಎಂದರು. "ನಿನ್ನ ಮುಖ ಸಣ್ಣದಾಗ್ತದೆ ಅಂತ ಸುಮ್ಮನಿದ್ದೆ. ಮತ್ತೆ ನನಗೂ ಒಂದು ನಾಚಿಕೆ. ನನ್ನ ಮೈ ನಾರುವುದು ನನಗೇ ತಿಳಿಯುವುದಿಲ್ಲ ಅಲ್ವಾ? ನೀನು ಹೇಳಿದ ಮೇಲೇ ಗೊತ್ತಾಗುವುದು. ಅದಕ್ಕೇ ಹೇಳಿದ ಕೂಡಲೇ ಹೋಗ್ತಿದ್ದೆ. ಈಗ ನೀನೂ ಹೇಳುವುದು ಬಿಟ್ಟೆ. ಎರಡು ತಿಂಗಳಿನಿಂದ ಎರಡೆರಡು ಸಲ ಸ್ನಾನ ಮಾಡ್ತಿದ್ದೇನೆ, ಹೆದರಿ."

ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ಕಾಣೆ. ಇಷ್ಟು ವರ್ಷ ನಾನು ಬೈಗುಳವೆಂದು ಎಸೆದದ್ದನ್ನು ಈ ಮನುಷ್ಯ ಕೈಗೋಲಿನಂತೆ ಹಿಡಿದು ನಡೆದಿದ್ದರು. ಎದ್ದು ಹೋಗಿ ಅವರ ಕೈಯಿಂದ ಊಟದ ಡಬ್ಬಿಯ ಚೀಲ ತೆಗೆದುಕೊಂಡೆ. ಅಷ್ಟೇ ಮಾಡಲಿಕ್ಕಾಯಿತು ನನಗೆ.

ಸ್ನಾನ ಮಾಡಿ ಬಂದ ಮೇಲೆ ಅವರೇ ಮಾತು ತೆಗೆದರು. "ಹುರಿಯುವಾಗ ನಾನು ಹೊರಕೋಣೆಯಲ್ಲಿ ಕೂತು ಪೇಪರ್ ಓದ್ತೇನಲ್ಲ, ಆಗ ಕೇಳುವುದು ನಿನ್ನ ಸಟ್ಟುಗವನ್ನು. ಅದು ನಿಂತರೆ ಆಯ್ತು ಅಂತ. ಅವತ್ತು ಎಷ್ಟು ಕಾದರೂ ಸಟ್ಟುಗ ನಿಲ್ಲಲೇ ಇಲ್ಲ, ಯಾಕೆಂದರೆ ಅದು ನನ್ನ ಕೈಯಲ್ಲೇ ಇತ್ತು." ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಅವರೆಂದರು, "ನಾಳೆ ನೀನೇ ಹುರಿ. ನೋವಾದರೆ ಮೊಣಕೈಗೆ ನಾನು ಕೈ ಕೊಡ್ತೇನೆ. ಮೂವತ್ತು ವರ್ಷ ಹುರಿದ ಕೈ, ಅದಕ್ಕೆ ಗೊತ್ತುಂಟು. ಮೂಗನ್ನು ಕೇಳಬೇಡ."

ಹೇಳುವಷ್ಟು ಸುಲಭವಾಗಲಿಲ್ಲ. ಮೊದಲ ಹಿಡಿ ಕೊತ್ತಂಬರಿ ಹಸಿಯಾಗಿಯೇ ಉಳಿಯಿತು, ಎರಡನೆಯದು ಕಪ್ಪಾಯಿತು. ಸಿಟ್ಟು ಬಂದು ಸಟ್ಟುಗ ಸಿಂಕಿಗೆ ಎಸೆದೆ, ಅವರು ತೊಳೆದು ತಂದು ಮತ್ತೆ ಕೈಗಿತ್ತರು. ಮೊಣಕೈಯ ಕೆಳಗೆ ಅವರ ಅಂಗೈ ಇತ್ತು. ಕಣ್ಣು ಮುಚ್ಚಿದೆ. ಹಸಿಯಿರುವಾಗ ಕಾಳು ಸಟ್ಟುಗಕ್ಕೆ ಭಾರ, ಸದ್ದು ದಪ್ಪ. ನೀರಾರಿದಂತೆ ಸದ್ದು ತೆಳುವಾಗುತ್ತದೆ, ಕಾಳು ತಾನಾಗಿ ಜಾರತೊಡಗುತ್ತದೆ. ಇದೆಲ್ಲ ಇಷ್ಟು ವರ್ಷ ಬಾಣಲೆಯಲ್ಲೇ ಇತ್ತು. ಮೂಗಿನ ದರ್ಬಾರಿನಲ್ಲಿ ಕಿವಿಯನ್ನೂ ಕೈಯನ್ನೂ ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಒಂದು ಗಳಿಗೆಯಲ್ಲಿ ಕೈ ತಾನೇ ನಿಂತಿತು. "ಆಯ್ತು" ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು. ಮಗಳನ್ನು ಕರೆದು ಅವಳ ಮೂಗನ್ನು ಕೇಳಿದೆವು, ಅವಳಿಗೆ ಅಷ್ಟರಲ್ಲಿ ಎಲ್ಲ ಹೇಳಿಯಾಗಿತ್ತು. ಬಾಣಲೆಗೆ ಬಗ್ಗಿ, "ಮಸ್ತ್ ವಾಸ್ ಯೇತೋಯ್" ಎಂದಳು. ಮತ್ತೆ ಏನು ಕಂಡಿತೋ, ನಮ್ಮಿಬ್ಬರ ಹೆಗಲ ಮೇಲೂ ಒಂದೊಂದು ಕೈಯಿಟ್ಟು ಕನ್ನಡದಲ್ಲೇ, "ಪರಿಮಳ ಉಂಟು" ಎಂದಳು.

ಹದಿನಾರು ಮನೆಗೂ ಹೊಸ ಹುಡಿ ಮುಟ್ಟಿಸಬೇಕಿತ್ತು. ಗಂಡ ಅಕ್ಕಿಡಬ್ಬಿಯೊಳಗಿನಿಂದ ಸ್ಕೂಟರಿನ ಕೀಲಿ ತೆಗೆದರು. ಅವರೇ ಓಡಿಸುವುದು, ನಾನು ಹಿಂದೆ ಕೂರುವುದು. ಹೊರಡುವ ಮೊದಲು ನನ್ನ ಹೆಲ್ಮೆಟ್ಟಿನ ಪಟ್ಟಿಯನ್ನು ತಾವೇ ಸಿಕ್ಕಿಸಿ, ಗಲ್ಲದ ಕೆಳಗೆ ಒಂದು ಬೆರಳು ತೂರಿಸಿ ನೋಡಿ, "ಹೂಂ" ಎಂದರು. ಅವರಿಗೂ ಗೊತ್ತಿತ್ತು ಹಾಗಾದರೆ, ಆ ಎರಡನೆಯ ಪ್ರಶ್ನೆ. ಕೇಳಿರಲಿಲ್ಲ ಅಷ್ಟೇ. ನಾನು ಬಿದ್ದ ಜಾಗ ಬಂದಾಗ ಅವರ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದೆ. ಅವರು ನಿಧಾನ ಮಾಡಿದರು, ಹಿಂದಿನವರು ಹಾರ್ನ್ ಹೊಡೆದರೂ ನಿಧಾನವೇ ಹೋದರು. ಪ್ರತಿ ಮನೆಯಲ್ಲೂ, "ಆವತ್ತಿನದು ಸೀದಿತ್ತು, ತಪ್ಪಾಯಿತು" ಎಂದೆ. "ಛೆ ಛೆ, ಅಷ್ಟೇನೂ ಇರಲಿಲ್ಲ" ಎಂದರು ನಮ್ಮ ನಾಜೂಕಿನವರು, ಹಳೇ ಪೊಟ್ಟಣವನ್ನು ಬೇಗಬೇಗನೆ ತಂದುಕೊಟ್ಟರು. ಕೊನೆಗೆ ಲೋಕಲ್ ಹಿಡಿದು ಠಾಣೆಗೆ ಹೋದಾಗ ವರ್ತಕ ನಗರದ ಅಕ್ಕ ಮೂಸಿ ನೋಡಿ, "ಈಗ ಬರೊಬ್ಬರಿ ಐತಿ" ಎಂದ ಮೇಲೆಯೇ ನನಗೆ ಉಸಿರು ಬಂದದ್ದು.

ಹಾಗೆ ಚೌತಿ, ನವರಾತ್ರಿ, ದೀಪಾವಳಿ ಕಳೆದವು. ಅವರು ಬಾಗಿಲಲ್ಲಿ, "ಆಹಾ" ಎನ್ನುವುದನ್ನು ನಿಲ್ಲಿಸಲಿಲ್ಲ. ಇಬ್ಬರಿಗೂ ಸುಳ್ಳೆಂದು ಗೊತ್ತಿದ್ದ ಆ ಮಾತು ಮೊದಲಿಗಿಂತ ರುಚಿಯಾಗಿತ್ತು. ನಾನು ಮಾತ್ರ ನನ್ನ ಪಾಲಿನದನ್ನು ಹೇಳಲಿಲ್ಲ. ಬರದ ವಾಸನೆಗೆ ಬೈಯುವುದು ಹೇಗೆ? ಲವಂಗ, ಲಿಂಬೆ, ಕಾಫಿ ದಿನಾ ಮೂಸಿದೆ, ಮೂಸಿ ಬೇಸತ್ತೆ, ಬೇಸತ್ತರೂ ಮೂಸಿದೆ.

ಜನವರಿಯ ಒಂದು ಸಂಜೆ, ಸ್ವಲ್ಪ ಚಳಿ ಇತ್ತು. ಹೊರಕೋಣೆಯಲ್ಲಿ ಕೂತು ಮೆಣಸಿನ ತೊಟ್ಟು ಮುರಿಯುತ್ತಿದ್ದೆ. ಬಾಗಿಲು ತೆರೆಯಿತು, ಚಪ್ಪಲಿ ಬಿಟ್ಟ ಸದ್ದಾಯಿತು, "ಆಹಾ" ಎಂದರು, ನನ್ನನ್ನು ದಾಟಿ ಒಳಗೆ ಹೋಗುತ್ತಿದ್ದರು. ನನ್ನ ಕೈಯ ಮೆಣಸು ಅಲ್ಲೇ ನಿಂತಿತು. ಏನೋ ಒಂದು, ದಾರದಷ್ಟು ತೆಳ್ಳಗೆ, ಬಂದು ಹೋಯಿತು. ಹುಳಿಯೂ ಅಲ್ಲ, ಕೊಳೆತದ್ದೂ ಅಲ್ಲ. ಲವಂಗವಲ್ಲ, ಕೊತ್ತಂಬರಿಯಲ್ಲ, ನಾನು ಆರು ತಿಂಗಳು ಕಾದು ಕೂತ ಯಾವುದೂ ಅಲ್ಲ.

"ಥೂ!" ಎಂದೆ.

ಅವರು ಬಚ್ಚಲ ಬಾಗಿಲ ಹತ್ತಿರ ನಿಂತರು, ತಿರುಗಲಿಲ್ಲ.

"ಥೂ, ಕಂಪನಿ ನಾರ್ತದೆ" ಎಂದೆ. ನನ್ನ ದನಿ ಒಡೆಯಿತು. "ಮೊದಲು ಸ್ನಾನಕ್ಕೆ ಹೋಗಿ."

ಅವರು ತಿರುಗಿದರು. ಕಣ್ಣು ತುಂಬಿತ್ತು. "ಅಷ್ಟು ನಾರ್ತದಾ?" ಎಂದು ಕೇಳಿದರು.

"ಇಡೀ ಬಿಲ್ಡಿಂಗಿಗೆ ನಾರ್ತದೆ" ಎಂದೆ.

ಅವರು ಟವೆಲಿಗೆ ಕೈ ಹಾಕಿದರು. ನಾನು ಎದ್ದು ಹೋಗಿ ಅವರ ಅಂಗಿಯ ತೋಳು ಹಿಡಿದೆ. "ಹೋಗಿ ಅಂದ್ರೆ ಹೋಗಿಯೇ ಬಿಡುವುದಾ? ಸ್ವಲ್ಪ ಹೊತ್ತು ಇಲ್ಲೇ ನಿಲ್ಲಿ."